ಪದಚರ್ಚೆ: ದನವೇ ಇಲ್ಲದ ಕೊಟ್ಟಿಗೆಗೆ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

‘ಪೋಲ್ ಬಾರ್ನ್’, ಅಂದರೆ ಕಂಬ ನೆಟ್ಟು ಹಾಕುವ ತೋಟದ ಷೆಡ್ಡು, ಅನ್ನುವ ಮಾತಿಗೆ ಒಂದು ಒಳ್ಳೆಯ ಕನ್ನಡ ಪದ ಬೇಕಾಗಿದೆ. ಸುಮ್ನೆ ಕುತೂಹಲಕ್ಕೆ ಕೇಳುತ್ತಿಲ್ಲ. ಪದ ಸರಿಯಿಲ್ಲದೆ ಒಂದು ಸಲ ಕೆಲಸವೇ ತಪ್ಪು ದಾರಿ ಹಿಡಿಯಿತು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಾನಿರುವುದು ಮಲ್ಲೇಶ್ವರದಲ್ಲಿ. ಹೆಸರಘಟ್ಟದ ಹತ್ತಿರ ನಮ್ಮ ಚಿಕ್ಕಪ್ಪನ ತೋಟ ಇದೆ. ಅಲ್ಲಿ ಟ್ರ್ಯಾಕ್ಟರ್, ಟಿಲ್ಲರ್, ರೋಟವೇಟರ್, ಔಷಧಿ ಹೊಡೆಯುವ ಪಂಪು, ಡ್ರಿಪ್ ಪೈಪಿನ ಸುರುಳಿಗಳು ಎಲ್ಲವೂ ಮಾವಿನ ಮರದ ಕೆಳಗೆ ಟಾರ್ಪಾಲು ಹೊದ್ದು ಕೂತಿವೆ. ಹೋದ ಮಳೆಗಾಲದಲ್ಲಿ ರೋಟವೇಟರಿನ ಬ್ಲೇಡುಗಳಿಗೆ ತುಕ್ಕು ಹಿಡಿಯಿತು. ಅಮೆರಿಕದ ಅಯೋವಾದಲ್ಲಿರುವ ನನ್ನ ತಮ್ಮ ಅಲ್ಲಿಯ ರೈತರು ಹಾಕಿಕೊಳ್ಳುವ ಪೋಲ್ ಬಾರ್ನ್ ನಕ್ಷೆಯನ್ನು ಕಳಿಸಿದ. 30 ಅಡಿ ಅಗಲ, 40 ಅಡಿ ಉದ್ದ. ಚಿಕ್ಕಪ್ಪನಿಗೆ ಬಹಳ ಹಿಡಿಸಿತು. ಮೇಸ್ತ್ರಿಗೆ ತಿಳಿಯುವ ಹಾಗೆ ಅದನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು.

ನೋಡಿರದವರಿಗೆ ಎರಡು ಮಾತು. ಈ ಕಟ್ಟಡಕ್ಕೆ ನಾವು ಮನೆಗೆ ತೆಗೆಯುವಂಥ ಪಾಯ ಇರುವುದಿಲ್ಲ. ನೆಲದಲ್ಲಿ ನಾಲ್ಕು ಅಡಿ ಆಳಕ್ಕೆ ಗುಂಡಿ ತೋಡಿ, ಉದ್ದನೆಯ ಮರದ ಕಂಬಗಳನ್ನು ಎಂಟೆಂಟು ಅಡಿಗೆ ಒಂದರಂತೆ ನೇರವಾಗಿ ನೆಡುತ್ತಾರೆ. ಮಾಡಿನ ಭಾರವೆಲ್ಲ ಆ ಕಂಬಗಳ ಮೂಲಕವೇ ಮಣ್ಣಿಗೆ ಇಳಿಯುತ್ತದೆ. ಗೋಡೆ ಏನನ್ನೂ ಹೊರುವುದಿಲ್ಲ. ಕಂಬದಿಂದ ಕಂಬಕ್ಕೆ ಅಡ್ಡ ಪಟ್ಟಿ ಹೊಡೆದು ಅದಕ್ಕೆ ತಗಡು ಬಡಿದರೆ ಅದೇ ಗೋಡೆ. ಬೇಡವೆಂದರೆ ಒಂದು ಪಕ್ಕ ಪೂರ್ತಿ ತೆರೆದೇ ಬಿಡಬಹುದು. 1930ರ ದಶಕದಲ್ಲಿ ಅಮೆರಿಕದಲ್ಲಿ ಈ ರೀತಿ ಚಾಲ್ತಿಗೆ ಬಂತು. ಆಗ ಕರೆಂಟು, ಟೆಲಿಫೋನು ತಂತಿಗಳ ಹಳೆಯ ಕಂಬಗಳನ್ನೇ ಇದಕ್ಕೆ ಬಳಸುತ್ತಿದ್ದರಂತೆ. ಹೆಸರಿನಲ್ಲಿ ‘ಪೋಲ್’ ಇರುವುದು ಅದಕ್ಕೆ.

ನಾನು ಮೊದಲು ಬರೆದದ್ದು ‘ಕಂಬದ ಕೊಟ್ಟಿಗೆ’ ಎಂದು. ನನಗೇನೋ ಚೆನ್ನಾಗಿಯೇ ಕಂಡಿತು. ಹಾಳೆಯನ್ನು ಮೇಸ್ತ್ರಿಗೆ ಕೊಟ್ಟು ಊರಿಗೆ ಬಂದುಬಿಟ್ಟೆ. ಮುಂದಿನ ಭಾನುವಾರ ಹೋಗಿ ನೋಡಿದರೆ ಸುಣ್ಣದಲ್ಲಿ ಗುರುತು ಹಾಕಿ ಆಗಿತ್ತು. ಒಂದು ಬದಿಯ ಉದ್ದಕ್ಕೂ ಗೊಂತಿನ, ಅಂದರೆ ದನ ಕಟ್ಟಿ ಮೇವು ಹಾಕುವ ಜಾಗದ, ಗೆರೆ. ಇನ್ನೊಂದು ಬದಿಗೆ ಗಂಜಲ ಹರಿಯುವ ಕಾಲುವೆ. “ಅಕ್ಕಾ, ಗಂಜಲದ ಗುಂಡಿ ಯಾವ ಕಡೆ ಇಡೋಣ? ಹಸು ಎಷ್ಟು ಬರ್ತವೆ?” ಅಂತ ಮೇಸ್ತ್ರಿ ಕೇಳಿದರು. ತಪ್ಪು ಅವರದಲ್ಲ. ಕೊಟ್ಟಿಗೆ ಅಂದರೆ ದನ. ಅಷ್ಟೇ ಅಲ್ವಾ? ಕೊಟ್ಟಿಗೆ ಗೊಬ್ಬರ ಅನ್ನುವ ಮಾತೊಂದೇ ಸಾಕು, ಆ ಪದ ದನಕ್ಕೆ ಎಷ್ಟು ಅಂಟಿಕೊಂಡಿದೆ ಎಂದು ತಿಳಿಯಲು.

ಆದರೂ ನನಗೆ ಆ ಪದ ಬಿಡಲು ಮನಸ್ಸಿಲ್ಲ. ನಮ್ಮ ಅಜ್ಜಿ ಮನೆಯ ಕೊಟ್ಟಿಗೆ ಚೆನ್ನಾಗಿ ನೆನಪಿದೆ. ದನ ಒಂದು ಕಡೆ. ಇನ್ನೊಂದು ಕಡೆ ಗೋಡೆಗೆ ಒರಗಿಸಿದ ನೇಗಿಲು, ಕುಂಟೆ, ಹಲುಬೆ, ಕೂರಿಗೆ. ಮೇಲೆ ಅಟ್ಟದಲ್ಲಿ ನೊಗ, ಹಗ್ಗ. ಆರಂಬದ ಮುಟ್ಟೆಲ್ಲ ಇರುತ್ತಿದ್ದದ್ದು ಅಲ್ಲೇ. ಅಂದರೆ ಸಲಕರಣೆ ಇಡುವ ಜಾಗವೂ ಕೊಟ್ಟಿಗೆಯೇ ಆಗಿತ್ತು. ದನ ಎದ್ದು ಕಾಣುತ್ತಿತ್ತು, ಹೆಸರು ಅದಕ್ಕೇ ನಿಂತಿತು.

ನೆರೆಯ ಭಾಷೆಗಳನ್ನು ನೋಡಿದರೆ ಇದು ಇನ್ನೂ ಗಟ್ಟಿಯಾಗುತ್ತದೆ. ತಮಿಳಿನ ‘ಕೊಟ್ಟಗೈ’ ದನದ್ದೂ ಹೌದು, ಇಳಿಜಾರು ಮಾಡಿನ ಬೇರೆ ಷೆಡ್ಡೂ ಹೌದು. ಅವರು ಟೆಂಟಿನಲ್ಲಿ ಸಿನಿಮಾ ತೋರಿಸುತ್ತಿದ್ದ ಜಾಗಕ್ಕೂ ಸಿನಿಮಾ ಕೊಟ್ಟಗೈ ಎಂದರು. ಮಲಯಾಳದ ‘ಕೊಟ್ಟಿಲ್’ ದನದ ಮನೆಗೂ ಆಗುತ್ತದೆ, ಕೆಲಸ ಮಾಡುವ ಶಾಲೆಗೂ ಆಗುತ್ತದೆ. ತೆಲುಗಿನಲ್ಲಿ ‘ಕೊಟ್ಟಂ’, ಕೊಡವರಲ್ಲಿ ‘ಕೊಟ್ಟಿ’. ಇವೆಲ್ಲ ಒಂದೇ ಬಳ್ಳಿಯ ಕಾಯಿಗಳು. ಇನ್ನು ಇಂಗ್ಲಿಷಿನ ‘ಬಾರ್ನ್’ ಪದಕ್ಕೆ ಹುಟ್ಟಿದಾಗ ಇದ್ದ ಅರ್ಥ ಬಾರ್ಲಿ ಮನೆ. ನಮ್ಮ ಕಣಜದ ಹಾಗೆ ಕಾಳು ಇಡುವ ಜಾಗ. ಈಗ ಅವರು ಬಾರ್ಲಿ ಮನೆಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸುತ್ತಾರೆ, ಯಾರಿಗೂ ತೊಡಕಾಗುವುದಿಲ್ಲ. ನಮ್ಮ ಕೊಟ್ಟಿಗೆಗೂ ಅಷ್ಟು ಜಾಗ ಕೊಡಬಹುದು ಎಂದು ನನ್ನ ಎಣಿಕೆ.

ಬೇರೆ ಪದಗಳನ್ನು ನೋಡದೆ ಬಿಟ್ಟಿಲ್ಲ. ಉಗ್ರಾಣ, ಗೋದಾಮು ಎರಡಕ್ಕೂ ಬಾಗಿಲು, ಬೀಗ ಬೇಕು. ಮಳಿಗೆ ಅಂದರೆ ಬೆಂಗಳೂರಿನಲ್ಲಿ ಅಂಗಡಿ. ‘ಚಪ್ಪರ’ ಅಂದಾಗ ಚಿಕ್ಕಪ್ಪ ಒಪ್ಪಲೇ ಇಲ್ಲ. “ಚಪ್ಪರ ಮದುವೆಗೆ ಹಾಕ್ತಾರಮ್ಮ, ಆಮೇಲೆ ಕಿತ್ತು ಹಾಕ್ತಾರೆ. ನಾನು 30 ವರ್ಷ ನಿಲ್ಲೋದು ಕೇಳ್ತಿದೀನಿ” ಎಂದರು. ದ್ರಾಕ್ಷಿ ಚಪ್ಪರ ವರ್ಷಗಟ್ಟಲೆ ನಿಲ್ಲುವುದಿಲ್ಲವೇ ಎಂದೆ. “ಅದರ ಮೇಲೆ ಬಳ್ಳಿ ಇರುತ್ತೆ, ತಗಡಲ್ಲ” ಎಂದರು. ಅವರ ಮಾತು ಸರಿ.

ಉಳಿದದ್ದು ‘ಷೆಡ್ಡು’. ಎಲ್ಲರಿಗೂ ತಿಳಿಯುತ್ತದೆ, ಕನ್ನಡವೇ ಆಗಿಹೋಗಿದೆ, ನನಗೆ ಅದರ ಮೇಲೆ ಮುನಿಸೂ ಇಲ್ಲ. ತೊಂದರೆ ಬೇರೆ. ಇವತ್ತು ಬೆಂಗಳೂರಿನ ಸುತ್ತ ಷೆಡ್ಡು ಅಂದರೆ ಕಬ್ಬಿಣದ ಪೈಪು. ಕೆಳಗೆ ಕಾಂಕ್ರೀಟ್ ಹಾಕಿ, ಅದರ ಮೇಲೆ ಪ್ಲೇಟು ಕೂರಿಸಿ, ಬೋಲ್ಟು ಬಿಗಿದು ಪೈಪು ನಿಲ್ಲಿಸುತ್ತಾರೆ. ಅಲ್ಲಿ ಕಂಬ ನೆಲದ ಮೇಲೆ ನಿಲ್ಲುತ್ತದೆ. ಇಲ್ಲಿ ಕಂಬ ನೆಲದ ಒಳಗೆ ಹೋಗಿ ಅಲ್ಲೇ ಬೇರು ಬಿಟ್ಟಂತೆ ನಿಲ್ಲಬೇಕು. ಇಡೀ ಕಟ್ಟಡದ ಗುಟ್ಟು ಅದೇ. ಅದನ್ನು ಹೇಳದ ಪದ ಅರ್ಧ ಪದ.

ಹಾಗಾಗಿ ಹೆಸರುಪದ ಬಿಟ್ಟು ಕ್ರಿಯಾಪದದ ಕಡೆ ತಿರುಗಿದೆ. ಇಲ್ಲಿ ಕನ್ನಡ ತುಂಬ ಚೂಟಿ. ಮನೆಯನ್ನು ‘ಕಟ್ಟುತ್ತೇವೆ’. ಷೆಡ್ಡು, ಚಪ್ಪರ, ಗುಡಿಸಲನ್ನು ‘ಹಾಕುತ್ತೇವೆ’. ಮೇಸ್ತ್ರಿಯ ಮುಂದೆ ‘ಕಟ್ಟಬೇಕು’ ಅಂದರೆ ಅವರ ಕೈ ತಾನಾಗಿ ಪಾಯಕ್ಕೆ ಹೋಗುತ್ತದೆ. ‘ಹಾಕಬೇಕು’ ಅಂದರೆ ಎರಡು ವರ್ಷದ ಕೆಲಸ ಅಂದುಕೊಳ್ಳುತ್ತಾರೆ. ಕಂಬಕ್ಕೂ ಹೀಗೆಯೇ. ‘ನಿಲ್ಲಿಸು’ ಅಂದರೆ ಬೋಲ್ಟಿನ ಮೇಲೂ ನಿಲ್ಲಿಸಬಹುದು. ‘ಹೂಳು’ ಅಂದರೆ ಮಣ್ಣೊಳಗೆ ಪೂರ್ತಿ ಮುಚ್ಚಿದ ಹಾಗೆ, ಕಿವಿಗೂ ಹಿತವಿಲ್ಲ. ‘ನೆಡು’ ಮಾತ್ರ ಸರಿಯಾಗಿ ಕೂರುತ್ತದೆ. ಬುಡ ಮಣ್ಣಿನಲ್ಲಿ, ಮೈ ಗಾಳಿಯಲ್ಲಿ. ಗಿಡವನ್ನೂ ನೆಡುತ್ತೇವೆ, ಕಂಬವನ್ನೂ ನೆಡುತ್ತೇವೆ. ಮದುವೆಗೆ ಹಾಲುಗಂಬ ನೆಡುವುದೂ ಇದೇ ಮಾತು.

ಇದರಿಂದ ನನಗೆ ಹೊಳೆದ ಪದ ‘ನೆಡುಗಂಬ’. ನೆಟ್ಟ ಕಂಬವೇ ನೆಡುಗಂಬ. ಹುರಿದ ಕಡಲೆ ಹುರಿಗಡಲೆ ಆದ ಹಾಗೆ. ಗರುಡಗಂಬ, ಹಾಲುಗಂಬ, ಹಂದರಗಂಬಗಳ ಸಾಲಿನಲ್ಲಿ ಸಲೀಸಾಗಿ ಸೇರುತ್ತದೆ. ಒಂದೇ ಅಳುಕು. ಹಳಗನ್ನಡ ಬಲ್ಲವರಿಗೆ ‘ನಿಡು’ ನೆನಪಾಗಬಹುದು, ತಮಿಳು ಬಲ್ಲವರಿಗೆ ‘ನೆಡು’ ಅಂದರೇ ಉದ್ದ. ಆಗ ನೆಡುಗಂಬ ಉದ್ದನೆಯ ಕಂಬ ಆಗಿಬಿಡುತ್ತದೆ. ನಮ್ಮ ನಕ್ಷೆಯಲ್ಲಿ ಕಂಬ ಮೇಲೆ 12 ಅಡಿ, ಒಳಗೆ 4 ಅಡಿ, ಒಟ್ಟು 16 ಅಡಿ. ಉದ್ದವೂ ನಿಜವೇ, ಆದರೆ ಹೇಳಬೇಕಾದ್ದು ಅದಲ್ಲ.

ಈ ಹುಡುಕಾಟದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಬೇರೊಂದು ಪದ. ಎರಡು ಕಂಬಗಳ ನಡುವಿನ ಜಾಗಕ್ಕೆ ಇಂಗ್ಲಿಷಿನಲ್ಲಿ ‘ಬೇ’ ಅನ್ನುತ್ತಾರೆ. ನಾನು ‘ಕಂಬಗಳ ನಡುವಿನ ಅಂತರ’ ಎಂದು ಉದ್ದುದ್ದ ಬರೆದಿದ್ದೆ. ಮೇಸ್ತ್ರಿಯ ಜೊತೆ ಬಂದಿದ್ದ ವಯಸ್ಸಾದ ಆಚಾರಿಯೊಬ್ಬರು ಹಾಳೆಯನ್ನು ಓದಿಸಿಕೊಂಡು ಕೇಳಿದರು: “ಅಂದ್ರೆ ಐದು ಅಂಕಣದ್ದು ಅನ್ನಿ?” ನಾನು ಅವರ ಮುಖವನ್ನೇ ನೋಡುತ್ತಾ ನಿಂತೆ. ಹೌದಲ್ಲ! 40 ಅಡಿ, ಎಂಟು ಅಡಿಗೆ ಒಂದು ಕಂಬ. ಐದು ಅಂಕಣ, ಒಂದು ಸಾಲಿಗೆ ಆರು ಕಂಬ. ಒಂದೇ ಪದದಲ್ಲಿ ಮುಗಿಯಿತು.

ನಾವು ಪತ್ರಿಕೆಯ ಅಂಕಣ ಓದುತ್ತೇವೆ, ಅಂಕಣಕಾರರನ್ನು ಹೊಗಳುತ್ತೇವೆ. ಕಂಬಗಳ ನಡುವಿನ ಅಂಕಣವನ್ನು ಮರೆತುಬಿಟ್ಟಿದ್ದೇವೆ. ಹಿಂದೆ ಮನೆಯ ಗಾತ್ರ ಹೇಳುತ್ತಿದ್ದದ್ದೇ ಮೂರು ಅಂಕಣದ ಮನೆ, ಎಂಟು ಅಂಕಣದ ಮನೆ ಎಂದು. ದೇವಸ್ಥಾನದ ನವರಂಗಕ್ಕೆ ಆ ಹೆಸರು ಬಂದದ್ದೂ ಒಂಬತ್ತು ಅಂಕಣದಿಂದ. ಗಡಿ ದಾಟಿ ನೆಲ್ಲೂರು, ತಿರುಪತಿ ಕಡೆ ಹೋದರೆ ಇವತ್ತಿಗೂ ಸೈಟನ್ನು ಅಂಕಣಂ ಲೆಕ್ಕದಲ್ಲಿ ಅಳೆಯುತ್ತಾರೆ. ನಮ್ಮಲ್ಲಿ ಚದರಡಿ ಬಂದು ಅದನ್ನು ಮೂಲೆಗೆ ತಳ್ಳಿತು. ಈಗ ನಮ್ಮ ಹಾಳೆಯಲ್ಲಿ “ಮುಂದಿನ ಬಾಗಿಲ ಅಂಕಣ 12 ಅಡಿ, ಉಳಿದವು ಎಂಟು” ಎಂದು ಬರೆದಿದ್ದೇನೆ. ಹಾಗಾಗಿ ಒಟ್ಟು ಉದ್ದ 44 ಅಡಿ ಆಯಿತು. ರೋಟವೇಟರ್ ಸಮೇತ ಟ್ರ್ಯಾಕ್ಟರ್ ಒಳಗೆ ತಿರುಗಬೇಕಲ್ಲ.

ಇನ್ನು ಕೆಲವು ಪದಗಳು. ಅಲ್ಲಿಯ ಕಂಬಗಳನ್ನು ದೊಡ್ಡ ಸಿಲಿಂಡರಿನೊಳಗಿಟ್ಟು, ಒತ್ತಡ ಹಾಕಿ, ಗೆದ್ದಲು ಹತ್ತದ ರಾಸಾಯನಿಕವನ್ನು ಮರದ ಒಳಗೆ ನುಗ್ಗಿಸಿರುತ್ತಾರೆ. ‘ಸಂಸ್ಕರಿಸಿದ ಮರ’ ಅಂದರೆ ಟಿಂಬರ್ ಯಾರ್ಡಿನಲ್ಲಿ ಯಾರಿಗೂ ತಿಳಿಯಲಿಲ್ಲ. ‘ಔಷಧಿ ಹೊಡೆದ ಮರ’ ಅಂದರೆ ಮೇಲೆ ಬಳಿದದ್ದು ಅಂದುಕೊಂಡರು. ಕೊನೆಗೆ ‘ಔಷಧಿ ಕುಡಿಸಿದ ಕಂಬ’ ಅಂದೆ. ತಕ್ಷಣ ಹಿಡಿದರು. ನನಗೆ ಈಗ ಇದಕ್ಕಿಂತ ಒಳ್ಳೆಯ ಮಾತು ಬೇಡವೇ ಬೇಡ. ಅಂದ ಹಾಗೆ, ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿದ ಆ ಔಷಧಿಯನ್ನು 1933ರಲ್ಲಿ ಕಂಡುಹಿಡಿದವರು ನಮ್ಮವರೇ, ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ. ಅಮೆರಿಕದ ಎಷ್ಟೋ ಕಂಬಗಳು ಕುಡಿದು ನಿಂತಿರುವುದು ಅದನ್ನೇ. ಆರ್ಸೆನಿಕ್ ಇರುವುದರಿಂದ ಅಲ್ಲಿ ಮನೆಗಳ ಬಳಕೆಯಿಂದ 2004ರ ಹೊತ್ತಿಗೆ ಅದನ್ನು ಕೈಬಿಟ್ಟರು. ಹೊಲದ ಕಂಬಗಳಿಗೆ ಉಳಿದುಕೊಂಡಿದೆ.

ಮರವೇ ಏಕೆ, ಕಲ್ಲಾಗಬಾರದೇ ಎಂದೂ ಚಿಕ್ಕಪ್ಪ ಕೇಳಿದರು. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿಗೂ ಬೇಲಿಗೂ ಕಲ್ಲು ಕೂಚ, ಅಂದರೆ ಕಲ್ಲಿನ ಕಂಬ, ನೆಡುತ್ತಾರೆ. ಕೊಳೆಯುವುದಿಲ್ಲ, ಗೆದ್ದಲ ಭಯವಿಲ್ಲ. ಆದರೆ 16 ಅಡಿಯ ಕೂಚ ತರುವುದು, ಎತ್ತುವುದು, ಅದಕ್ಕೆ ಬೋಲ್ಟಿನ ತೂತು ಕೊರೆಯುವುದು ಸಣ್ಣ ಮಾತಲ್ಲ. ‘ಕೂಚ’ ಎಷ್ಟು ಚೆಂದದ ಪದ! ಬೆಂಗಳೂರಿನ ಒಳಗೆ ಹುಟ್ಟಿ ಬೆಳೆದವರಿಗೆ ಇದು ಗೊತ್ತೇ ಇರುವುದಿಲ್ಲ.

ನಕ್ಷೆಯಲ್ಲಿ ‘ಫ್ರಾಸ್ಟ್ ಲೈನ್’ ಎಂದು ಇನ್ನೊಂದಿತ್ತು. ಚಳಿಗಾಲದಲ್ಲಿ ನೆಲ ಎಷ್ಟು ಆಳದವರೆಗೆ ಹೆಪ್ಪುಗಟ್ಟುತ್ತದೋ ಆ ಮಟ್ಟ. ಹೆಪ್ಪುಗಟ್ಟಿದ ಮಣ್ಣು ಉಬ್ಬಿ ಕಂಬವನ್ನು ಮೇಲಕ್ಕೆ ನೂಕುತ್ತದೆ, ಅದಕ್ಕೇ ಅದಕ್ಕಿಂತ ಕೆಳಗೆ ನೆಡುತ್ತಾರೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, 1884ರ ಜನವರಿಯಲ್ಲಿ. ಈ ಮಾತಿಗೆ ಇಲ್ಲಿ ಕೆಲಸವಿಲ್ಲ ಎಂದು ಅನುವಾದ ಮಾಡದೆ ಬಿಟ್ಟೆ. ಆದರೆ ಆಳ ಕಡಿಮೆ ಮಾಡಲಿಲ್ಲ. ಏಪ್ರಿಲ್, ಮೇ ತಿಂಗಳ ಗಾಳಿಮಳೆ ಒಂದು ಪಕ್ಕ ತೆರೆದ ಷೆಡ್ಡಿನೊಳಗೆ ನುಗ್ಗಿದರೆ ಮಾಡನ್ನು ಅಡಿಯಿಂದ ಎತ್ತುತ್ತದೆ. ನಮ್ಮಲ್ಲಿ ಕಂಬವನ್ನು ಕೀಳುವುದು ಗಾಳಿ. ಹಾಳೆಯಲ್ಲಿ ‘ಗಾಳಿಗೆ ನಾಲ್ಕು ಅಡಿ’ ಎಂದೇ ಬರೆದಿದ್ದೇನೆ.

ಈಗ ನಿಮ್ಮನ್ನು ಕೇಳಬೇಕಾದ್ದು. ‘ನೆಡುಗಂಬದ ಕೊಟ್ಟಿಗೆ’ ಅಂದರೆ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ? ಗೊಂತಿನ ಗೊಂದಲ ತಪ್ಪಿಸಲು ‘ಮುಟ್ಟಿನ ಕೊಟ್ಟಿಗೆ’ ಎಂದೂ ಯೋಚಿಸಿದೆ. ಆದರೆ ಮುಟ್ಟು ಅಂದರೆ ಸಲಕರಣೆ ಅನ್ನುವುದು ಈಗ ಎಷ್ಟು ಜನರ ಬಾಯಲ್ಲಿದೆ? ದನ ಕಟ್ಟದ ಜಾಗಕ್ಕೂ ಕೊಟ್ಟಿಗೆ ಅನ್ನುವ ರೂಢಿ ಮಲೆನಾಡಿನಲ್ಲೋ ಕರಾವಳಿಯಲ್ಲೋ ಇದ್ದರೆ ದಯವಿಟ್ಟು ತಿಳಿಸಿ. ಸೌದೆಗೆ, ಗಾಡಿಗೆ, ಅಡಕೆ ಕೆಲಸಕ್ಕೆ, ಯಾವುದಕ್ಕಾದರೂ ಸರಿ.

ಇನ್ನೊಂದು ಪದ ಪೂರ್ತಿ ಬಾಕಿ ಇದೆ. ಗೋಡೆಯ ಕಡೆ ಕಂಬದಿಂದ ಕಂಬಕ್ಕೆ ಅಡ್ಡಲಾಗಿ ಹೊಡೆಯುವ ಪಟ್ಟಿಗೆ ಅವರು ‘ಗರ್ಟ್’ ಅನ್ನುತ್ತಾರೆ. ಮಾಡಿನ ಮೇಲಿನ ಅಡ್ಡಪಟ್ಟಿ ಬೇರೆ, ಅದು ‘ಪರ್ಲಿನ್’. ಪರ್ಲಿನ್ ಅನ್ನುವುದನ್ನು ಪೀಣ್ಯದ ವೆಲ್ಡರುಗಳೂ ಹಾಗೆಯೇ ಹೇಳುತ್ತಾರೆ. ಹೆಂಚಿನ ಮನೆಯವರು ರೀಪು ಅನ್ನಬಹುದು. ಗೋಡೆಯದಕ್ಕೆ ಆಚಾರಿಯವರು ಬರೀ ‘ಅಡ್ಡೆ’ ಅಂದರು. ಮೇಸ್ತ್ರಿ ಅದನ್ನು ಕೇಳಿ ಮಾಡಿನದಕ್ಕೂ ಅಡ್ಡೆ ಅಂದರು. ಎರಡೂ ಒಂದೇ ಹೆಸರಾದರೆ ಮರದ ಲೆಕ್ಕ ತಪ್ಪುತ್ತದೆ. ತಟ್ಟಿ ಗೋಡೆ ಕಟ್ಟುವವರು, ರೇಷ್ಮೆ ಹುಳು ಮನೆ ಮಾಡಿಸಿದವರು ನಿಮ್ಮಲ್ಲಿ ಇದ್ದರೆ, ಗೋಡೆಯ ಆ ಅಡ್ಡ ಗಳಕ್ಕೆ ನಿಮ್ಮ ಊರಲ್ಲಿ ಏನನ್ನುತ್ತಾರೆ?

ಸೋಮವಾರ ಗುಂಡಿ ತೋಡಲು ಬರುತ್ತಾರೆ. ಅಷ್ಟರೊಳಗೆ ಯಾರಾದರೂ ಬರೆದರೆ, ಆ ಪದವನ್ನೇ ಹಾಳೆಯ ಮೇಲೆ ಬರೆದು ಕೊಡುತ್ತೇನೆ.