ದೇಹದ ವಿಕಿರಣವನ್ನು ‘ಔರಾ ಸ್ಕ್ಯಾನರ್’ ನಿಜವಾಗಿಯೂ ಅಳೆಯುತ್ತದೆಯೇ?

ಪ್ರಶ್ನೆ:
ಮನೆಯ ವಾಸ್ತು ನೋಡಲು ಬಂದಿದ್ದವರೊಬ್ಬರು, ಹಿಡಿಯ ಮೇಲೆ ಸಡಿಲವಾಗಿ ತಿರುಗುವ ಕಡ್ಡಿಯಿದ್ದ ‘ಔರಾ ಸ್ಕ್ಯಾನರ್’ (ದೇಹದ ಸುತ್ತ ಇದೆಯೆನ್ನುವ ಪ್ರಭೆಯನ್ನು ಅಳೆಯುತ್ತದಂತೆ) ಎಂಬ ಉಪಕರಣವನ್ನು ನಮ್ಮ ತಂದೆಯವರ ಎದುರು ಹಿಡಿದು, ಹಿಂದಕ್ಕೆ ಹೆಜ್ಜೆಯಿಡುತ್ತಾ ಹೋಗಿ, ಕಡ್ಡಿ ಹೊರಳಿದ ಜಾಗವನ್ನು ಟೇಪಿನಿಂದ ಅಳೆದು, ‘ಇವರ ದೇಹದ ವಿಕಿರಣ 1.8 ಮೀಟರ್ ಮಾತ್ರ ಇದೆ’ ಎಂದರು. ಅದನ್ನು ಹೆಚ್ಚಿಸಲು ಕೊರಳಿಗೆ ಪದಕವೊಂದನ್ನು ಹಾಕಿಕೊಳ್ಳಬೇಕಂತೆ. ದೇಹದಿಂದ ವಿಕಿರಣ ಹೊರಡುತ್ತದೆಂದು ನಾನೂ ಓದಿರುವುದರಿಂದ, ಈ ಅಳತೆಯನ್ನು ಪೂರ್ತಿ ತಳ್ಳಿಹಾಕಬಹುದೇ ಎಂದು ತಿಳಿದವರು ಹೇಳಬೇಕು.

ಉತ್ತರ 1:
ದೇಹದಿಂದ ವಿಕಿರಣ ಹೊರಡುವುದು ನಿಜ; ಇಂತಹವರು ಮಾತು ಶುರುಮಾಡುವುದೂ ಆ ನಿಜದಿಂದಲೇ. 70 ಕಿಲೋ ತೂಕದ ವ್ಯಕ್ತಿಯಲ್ಲಿ ಸುಮಾರು 140 ಗ್ರಾಂ ಪೊಟ್ಯಾಸಿಯಂ ಇದ್ದು, ಅದರಲ್ಲಿ ಶೇ. 0.0117ರಷ್ಟು ವಿಕಿರಣಶೀಲ ಪೊಟ್ಯಾಸಿಯಂ-40 ಆಗಿರುವುದರಿಂದ, ಪ್ರತಿ ಸೆಕೆಂಡಿಗೆ 4,000ಕ್ಕೂ ಹೆಚ್ಚು ಪರಮಾಣುಗಳು ಕ್ಷಯಿಸುತ್ತಿರುತ್ತವೆ, ಅಂದರೆ ವಿಕಿರಣ ಹೊಮ್ಮಿಸಿ ಬೇರೆ ಧಾತುವಾಗುತ್ತಿರುತ್ತವೆ. ಇಂಗಾಲ-14ರ ಕ್ಷಯವೂ ಸಾವಿರಗಳ ಲೆಕ್ಕದಲ್ಲೇ ಇದೆಯಾದರೂ, ಅದರ ಬೀಟಾ ಕಣಗಳು ತೀರ ದುರ್ಬಲವಾದ್ದರಿಂದ ದೇಹದೊಳಗೇ ಇಂಗಿಹೋಗುತ್ತವೆ. ಹೊರಬಂದು ಅಳತೆಗೆ ಸಿಗುವುದು ಮುಖ್ಯವಾಗಿ ಪೊಟ್ಯಾಸಿಯಂ-40ರ ಹತ್ತು ಕ್ಷಯಗಳಲ್ಲಿ ಸುಮಾರು ಒಂದರಿಂದ ಹೊಮ್ಮುವ ಗಾಮಾ ಕಿರಣ.

ಅದನ್ನು ಹಿಡಿಯುವುದೇನೂ ಸುಲಭವಲ್ಲ. ಕೈಗಾದಂತಹ ಪರಮಾಣು ಸ್ಥಾವರಗಳ ನೌಕರರನ್ನು ಪರೀಕ್ಷಿಸುವ, ಇಡೀ ದೇಹದ ವಿಕಿರಣವನ್ನು ಎಣಿಸುವ ‘ಹೋಲ್ ಬಾಡಿ ಕೌಂಟರ್’ನಲ್ಲಿ ವ್ಯಕ್ತಿಯನ್ನು ದಪ್ಪನೆಯ ಉಕ್ಕು ಅಥವಾ ಸೀಸದ ಮರೆಯಲ್ಲಿರಿಸಿ, ಸೋಡಿಯಂ ಅಯೊಡೈಡ್ ಹರಳಿನಂತಹ ಸೂಕ್ಷ್ಮ ಶೋಧಕದಿಂದ ನಿಮಿಷಗಟ್ಟಲೆ ಎಣಿಸುತ್ತಾರೆ. ಆ ಮರೆ ಇಲ್ಲದಿದ್ದರೆ ಗ್ರಾನೈಟ್ ನೆಲ, ಗೋಡೆ ಮತ್ತು ಆಕಾಶದಿಂದ ಬರುವ ಕಿರಣಗಳ ಗದ್ದಲದಲ್ಲಿ ದೇಹದ್ದು ಮುಳುಗಿಹೋಗುತ್ತದೆ. ವಿಕಿರಣ ಪತ್ತೆಹಚ್ಚುವ ಸಾಮಾನ್ಯ ಉಪಕರಣವಾದ ಗೈಗರ್ ಕೌಂಟರ್ ತನ್ನ ಮೇಲೆ ಬಿದ್ದ ಗಾಮಾ ಕಿರಣಗಳಲ್ಲಿ ನೂರಕ್ಕೆ ಒಂದರಷ್ಟನ್ನು ಮಾತ್ರ ಎಣಿಸುವುದರಿಂದ, ನಿಮ್ಮ ತಂದೆಯವರು ಪಕ್ಕದಲ್ಲಿ ನಿಂತರೂ ಅದಕ್ಕೆ ಗೊತ್ತಾಗುವುದಿಲ್ಲ. ಅವರ ಮೈ ನೆಲದ ಕಿರಣಗಳಿಗೆ ಅಡ್ಡ ಬಂದು ಎಣಿಕೆ ಕೊಂಚ ಇಳಿದರೂ ಆಶ್ಚರ್ಯವಿಲ್ಲ. ಅಂದಹಾಗೆ, ದೇಹದ ವಿಕಿರಣಶೀಲತೆಯನ್ನು ಹೇಳುವುದು ಸೆಕೆಂಡಿಗೆ ಎಷ್ಟು ಪರಮಾಣು ಕ್ಷಯಿಸುತ್ತವೆಂಬ ಲೆಕ್ಕವಾದ ಬೆಕ್ವೆರೆಲ್‌ನಲ್ಲೇ ಹೊರತು ಮೀಟರಿನಲ್ಲಲ್ಲ.

ಉತ್ತರ 2:
ಹೀಗೆ ಕೇಳಿದರೆ ಅವರು ‘ಇದು ಆ ವಿಕಿರಣವಲ್ಲ, ಬಯೋಫೋಟಾನ್’ ಎನ್ನಬಹುದು. ಜೀವಕೋಶಗಳಿಂದ ಅತಿ ಮಂದವಾದ ಬೆಳಕು ಹೊಮ್ಮುವುದೂ ನಿಜವೇ. 2009ರಲ್ಲಿ ಜಪಾನಿನ ವಿಜ್ಞಾನಿಗಳು ಅದರ ಚಿತ್ರ ತೆಗೆದರು. ಆದರೆ ಅದು ಕಣ್ಣಿಗೆ ಕಾಣಬಲ್ಲ ಬೆಳಕಿಗಿಂತ ಸಾವಿರ ಪಟ್ಟು ಕ್ಷೀಣವಾದ್ದರಿಂದ, ಕಗ್ಗತ್ತಲ ಕೋಣೆ ಮತ್ತು ಅತಿಯಾಗಿ ತಣಿಸಿದ ಕ್ಯಾಮೆರಾ ಬೇಕಾಯಿತು; ಹಗಲು ಬೆಳಕಿನ ನಡುಮನೆಯಲ್ಲಿ ಅದನ್ನು ಕಡ್ಡಿ ಕಂಡುಹಿಡಿಯಿತೆಂದರೆ ನಂಬುವುದು ಹೇಗೆ?

ಕಡ್ಡಿಯನ್ನು ಹೊರಳಿಸುವುದು ಮಣಿಕಟ್ಟಿನ ಸಣ್ಣ ವಾಲುವಿಕೆ. ಹಿಡಿದವರಿಗೇ ಅದು ತಿಳಿಯದಿರಬಹುದಾದ್ದರಿಂದ ಎಲ್ಲರೂ ಬೇಕೆಂದೇ ಮೋಸಮಾಡುತ್ತಾರೆಂದು ನಾನು ಹೇಳುವುದಿಲ್ಲ. ಇದೇ ಬಗೆಯ ತಿರುಗುವ ಕಡ್ಡಿಯನ್ನು ‘ಎಡಿಇ 651’ ಎಂಬ ಹೆಸರಿನಲ್ಲಿ ಬಾಂಬ್ ಪತ್ತೆಯ ಯಂತ್ರವೆಂದು ಇರಾಕಿಗೆ ಮಾರಿದ ಜೇಮ್ಸ್ ಮೆಕ್‌ಕಾರ್ಮಿಕ್‌ಗೆ 2013ರಲ್ಲಿ ಬ್ರಿಟನ್ನಿನ ನ್ಯಾಯಾಲಯ ಹತ್ತು ವರ್ಷಗಳ ಜೈಲುಶಿಕ್ಷೆ ವಿಧಿಸಿತು. ನೀವೇ ಪರೀಕ್ಷಿಸಬೇಕೆಂದಿದ್ದರೆ ಪರದೆಯೊಂದನ್ನು ಕಟ್ಟಿ, ಅದರ ಹಿಂದೆ ತಂದೆಯವರು ಕೂರಬೇಕೋ ಕುರ್ಚಿ ಖಾಲಿಯಿರಬೇಕೋ ಎಂಬುದನ್ನು ಪ್ರತಿ ಸಲ ನಾಣ್ಯ ಚಿಮ್ಮಿ ನಿರ್ಧರಿಸಿ. ಉಪಕರಣ ಹಿಡಿದವರಿಗೂ ಅವರ ಪಕ್ಕ ನಿಂತವರಿಗೂ ಅದು ತಿಳಿದಿರಬಾರದು. ಇಪ್ಪತ್ತು ಸಲದಲ್ಲಿ ಹತ್ತರ ಆಸುಪಾಸು ಸರಿಯಾದರೆ ಅದು ಬರಿಯ ಊಹೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಪದಕವನ್ನು ತಂದೆಯವರು ಆಗಲೇ ಕೊಂಡು ಧರಿಸುತ್ತಿದ್ದಾರೆ. ಉಪಯೋಗವಿಲ್ಲದಿದ್ದರೂ ತೊಂದರೆಯಂತೂ ಇಲ್ಲವಷ್ಟೇ?

ಉತ್ತರ 3:
ಹಾಗೆಂದು ಖಚಿತವಾಗಿ ಹೇಳಲಾಗದು. ನೆದರ್ಲೆಂಡ್ಸಿನ ಪರಮಾಣು ಸುರಕ್ಷತಾ ಪ್ರಾಧಿಕಾರವು 2021ರ ಡಿಸೆಂಬರಿನಲ್ಲಿ, ಮೊಬೈಲ್ ತರಂಗಗಳಿಂದ ರಕ್ಷಿಸುತ್ತವೆಂದು ಮಾರಾಟವಾಗುತ್ತಿದ್ದ ಪದಕ, ಬಳೆ ಮುಂತಾದ ಹತ್ತು ಉತ್ಪನ್ನಗಳಲ್ಲಿ ವಿಕಿರಣಶೀಲ ವಸ್ತುವಿರುವುದನ್ನು ಕಂಡು, ಅವುಗಳನ್ನು ಧರಿಸಬಾರದೆಂದು ಎಚ್ಚರಿಸಿತ್ತು. ‘ನೆಗೆಟಿವ್ ಅಯಾನ್’ (ಋಣ ವಿದ್ಯುದಂಶದ ಕಣ) ಹೊಮ್ಮಿಸುತ್ತವೆಂದು ಮಾರುವ ಪದಕಗಳಲ್ಲಿ ಕೆಲವಕ್ಕೆ ವಿಕಿರಣಶೀಲ ಧಾತುವಾದ ಥೋರಿಯಂ ಇರುವ ಖನಿಜದ ಪುಡಿಯನ್ನು ಬೆರೆಸಿರುತ್ತಾರೆ. ತಂದೆಯವರ ದೇಹವನ್ನು ಗುರುತಿಸಲಾಗದ ಅದೇ ಗೈಗರ್ ಕೌಂಟರ್ ಇಂತಹ ಪದಕದ ಮುಂದೆ ಟಕಟಕನೆ ಸದ್ದು ಮಾಡುತ್ತದೆ. ಹತ್ತಿರದ ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ ಆ ಉಪಕರಣವಿದ್ದರೆ ತೋರಿಸಿ. ಅಲ್ಲಿಯವರೆಗೆ ಪದಕವನ್ನು ಕೊರಳಿನಿಂದ ತೆಗೆಸಿ, ಡಬ್ಬಿಯಲ್ಲಿ ಮುಚ್ಚಿ, ಮಲಗುವ ಕೋಣೆಯಿಂದ ದೂರವಿಡಿ. ಒಳಗೇನಿದೆಯೆಂದು ನೋಡಲು ಅದನ್ನು ಒಡೆಯಬೇಡಿ, ಏಕೆಂದರೆ ಆ ಪುಡಿ ಉಸಿರಿನೊಂದಿಗೆ ಒಳಹೊಕ್ಕರೆ ಮೈಮೇಲೆ ಧರಿಸಿದ್ದಕ್ಕಿಂತ ಹೆಚ್ಚು ಹಾನಿಯಾಗಬಹುದು.