ಡೋರ್ ಗೇಮ್ ನನ್ನ ಸ್ಕ್ರೀನ್‌ನಲ್ಲಿ ಓಡುತ್ತದೆ, ಡಯಲ್ ಮಾಡಿದವನಿಗೆ ಬರೀ ಕಪ್ಪು

ಕಲ್ಸಂಕದ ಮೋಡೆಮ್ (ಉಡುಪಿ):

ಮನೆಯೊಳಗೇ ಒಂದು ಡಯಲ್‌-ಅಪ್ ಬಿಬಿಎಸ್ (ಫೋನ್ ಲೈನ್‌ನಲ್ಲಿ ಡಯಲ್ ಮಾಡಿ ಒಳಬರುವ ಹಳೇ ಕಾಲದ ಕಂಪ್ಯೂಟರ್ ಬುಲೆಟಿನ್ ಬೋರ್ಡ್) ಕಟ್ಟಿದ್ದೇನೆ. ನಗಬೇಡಿ ಮಾರಾಯ್ರೆ. ಹೊರಗಿನ ಫೋನ್ ಲೈನ್ ಇಲ್ಲವೇ ಇಲ್ಲ. ಇಲ್ಲೇ ಹತ್ತಿರದ ಲಾಡ್ಜ್ ಒಂದು ರಿಪೇರಿ ಆಗುವಾಗ ಅವರ ಹಳೇ ಇಂಟರ್‌ಕಾಮ್ ಪೆಟ್ಟಿಗೆ ಗುಜರಿಗೆ ಹೊರಟಿತ್ತು. ಕೇಳಿದೆ, ಕೊಟ್ಟರು. ಕೆಳಗಿನ ಕೋಣೆಯ ನಂಬರ್ 21, ಮಹಡಿಯದ್ದು 24. ಎರಡೂ ಕಡೆ ಒಂದೊಂದು ಮೋಡೆಮ್.

ಮೊದಲು ಎರಡು ಸಂಜೆ 'ನೋ ಡಯಲ್‌ಟೋನ್' ಅಂತಲೇ ಬರುತ್ತಿತ್ತು. ಫೋನ್ ಕಿವಿಗಿಟ್ಟರೆ ಟೋನ್ ಉಂಟು, ಮೋಡೆಮ್‌ಗೆ ಮಾತ್ರ ಕೇಳುವುದಿಲ್ಲ! ಪೆಟ್ಟಿಗೆಯ ಟೋನ್ ಬೇರೆ ಥರ ಅಲ್ವಾ, ಅದು ಗುರುತೇ ಹಿಡಿಯಲಿಲ್ಲ. ಮೋಡೆಮ್‌ಗೆ 'ಎಟಿಎಕ್ಸ್3' ಕಮಾಂಡ್ ಕೊಟ್ಟು ಟೋನ್‌ಗೆ ಕಾಯಬೇಡ ಅಂದ ಮೇಲೆ ಸರಿಯಾಯಿತು.

ಈಗಿನ ತಲೆಬಿಸಿ ಬೇರೆ. ಮೆಷಿನ್ ಪೆಂಟಿಯಂ 3, ಡಾಸ್ 6.22, ಬಿಬಿಎಸ್ ರಿಮೋಟ್‌ಆಕ್ಸೆಸ್, ಫಾಸಿಲ್ ಡ್ರೈವರ್ (ಮೋಡೆಮ್ ಪೋರ್ಟ್ ನೋಡಿಕೊಳ್ಳುವ ಪ್ರೋಗ್ರಾಂ) ಎಕ್ಸ್00. 'ಲೆಜೆಂಡ್ ಆಫ್ ದ ರೆಡ್ ಡ್ರ್ಯಾಗನ್' ಅನ್ನುವ ಡೋರ್ ಗೇಮ್ (ಬಿಬಿಎಸ್ ಮೆನುವಿನಿಂದ ಶುರುವಾಗುವ ಬೇರೆ ಪ್ರೋಗ್ರಾಂ) ಹಾಕಿದ್ದೇನೆ. ಮಹಡಿಯಿಂದ ಅಕ್ಕನ ಮಗ ಡಯಲ್ ಮಾಡುತ್ತಾನೆ, ಲಾಗಿನ್ ಆಗುತ್ತಾನೆ, ಮೆನು ಚೆನ್ನಾಗಿ ಕಾಣುತ್ತದೆ. ಗೇಮ್ ಒತ್ತಿದ ಕೂಡಲೇ ಅವನ ಪರದೆ ಕಪ್ಪು. ಗೇಮ್ ಕೆಳಗೆ ನನ್ನ ಮಾನಿಟರ್‌ನಲ್ಲಿ ಓಡುತ್ತಿರುತ್ತದೆ, ಅದೂ ನನ್ನ ಹೆಸರಿನಲ್ಲಿ! ಅವನು ಮೆಟ್ಟಿಲ ಮೇಲಿಂದ "ಮಾಮಾ, ಎಂತ ಆಯ್ತು?" ಅಂತ ಕೂಗುತ್ತಾನೆ.

ಇನ್ನೆರಡು ಸಣ್ಣ ಪ್ರಶ್ನೆ. 56ಕೆ ಮೋಡೆಮ್ ಎರಡೂ ಕಡೆ ಇದ್ದರೂ ಕನೆಕ್ಟ್ ಆಗುವುದು 31200ಕ್ಕೆ, ಯಾಕೆ? ಮತ್ತೆ, ಇನ್ನೊಂದು ಗೇಮ್ ಶುರುವಾಗುವಾಗಲೇ 'ರನ್‌ಟೈಮ್ ಎರರ್ 200' ಅಂತ ಬೀಳುತ್ತದೆ.

ಹಳೇ ಡಾಸ್ (ಕದ್ರಿ):

ನಿಮ್ಮ ಹೆಸರಿನಲ್ಲಿ ಓಡುತ್ತದೆ ಅಂದಿರಲ್ಲ, ಅಲ್ಲೇ ಉಂಟು ಉತ್ತರ.

ಗೇಮ್‌ಗೆ ಫೋನ್ ಮಾಡಿದವರು ಯಾರು ಅಂತ ತಾನಾಗಿ ಗೊತ್ತಿರುವುದಿಲ್ಲ. ಬಿಬಿಎಸ್ ಒಂದು ಚೀಟಿ ಬರೆದಿಟ್ಟು ಪಕ್ಕಕ್ಕೆ ಸರಿಯುತ್ತದೆ, ಗೇಮ್ ಆ ಚೀಟಿ ಓದಿ ಕೆಲಸ ಶುರು ಮಾಡುತ್ತದೆ. ನಿಮ್ಮಲ್ಲಿ ಅದು 'ಡೋರ್‌ಇನ್ಫೋ1.ಡೆಫ್'. ಸಾದಾ ಟೆಕ್ಸ್ಟ್ ಫೈಲ್, 13 ಸಾಲು. ತೆರೆದು ನೋಡಿ. 7 ಮತ್ತು 8ನೇ ಸಾಲು ಆಡುವವನ ಹೆಸರು, 12ನೇದು ಅವನಿಗೆ ಉಳಿದ ನಿಮಿಷ. ನಿಮಗೆ ಬೇಕಾದದ್ದು 4ನೇ ಸಾಲು. ಅಲ್ಲಿ 'ಕಾಮ್1' (ಮೋಡೆಮ್ ಇರುವ ಪೋರ್ಟ್) ಇರಬೇಕು. 'ಕಾಮ್0' ಇದ್ದರೆ "ಆಡುವವ ಈ ಕೀಬೋರ್ಡ್ ಮುಂದೆಯೇ ಕೂತಿದ್ದಾನೆ" ಅಂತ ಅರ್ಥ. ಆಗ ಗೇಮ್ ಮೋಡೆಮ್ ಕಡೆ ತಿರುಗಿಯೂ ನೋಡುವುದಿಲ್ಲ.

ಗೇಮ್‌ನ ಫೋಲ್ಡರ್‌ನಲ್ಲಿ ಹಳೇ ಚೀಟಿ ಬಿದ್ದಿದೆಯಾ ನೋಡಿ. ಸುಮ್ನೆ ಟೆಸ್ಟ್ ಮಾಡುವಾಗ ಕಾಪಿ ಮಾಡಿದ್ದೀರೇನೋ.

ಕಲ್ಸಂಕದ ಮೋಡೆಮ್:

ಸಿಕ್ಕಿತು. ನನ್ನದೇ ಕೆಲಸ. ಮೊದಲ ದಿನ ಲೋಕಲ್ ಲಾಗಿನ್ ಮಾಡಿ ನೋಡಿದಾಗ ಚೀಟಿಯನ್ನು ಗೇಮ್ ಫೋಲ್ಡರ್‌ಗೆ ಕಾಪಿ ಮಾಡಿ, ಸೆಟಪ್‌ನಲ್ಲೂ ಅದೇ ದಾರಿ ಕೊಟ್ಟಿದ್ದೆ. 4ನೇ ಸಾಲು 'ಕಾಮ್0', ಕೆಳಗೆ ನನ್ನ ಹೆಸರು. ಹೊಸ ಚೀಟಿ ಪ್ರತಿ ಸಲ ಬಿಬಿಎಸ್ ಫೋಲ್ಡರ್‌ನಲ್ಲಿ ಬೀಳುತ್ತಿತ್ತು, ಗೇಮ್ ಮಾತ್ರ ಹಳೇದನ್ನೇ ಓದುತ್ತಿತ್ತು. ಹಳೇದು ಅಳಿಸಿ ದಾರಿ ತಿದ್ದಿದೆ. ಈಗ ಮಹಡಿಯಲ್ಲಿ ಬಣ್ಣ ಬಣ್ಣದ ಡ್ರ್ಯಾಗನ್ ಬಂತು.

ಆದರೆ ಆಟ ಮುಗಿಸಿ ಹೊರಗೆ ಬಂದರೆ ಮೆನು ಬರುವ ಬದಲು ಫೋನೇ ಕಟ್ ಆಗುತ್ತದೆ. ಮೋಡೆಮ್‌ನಲ್ಲಿ ಡಿಟಿಆರ್ (ಕಂಪ್ಯೂಟರ್ ಸಿದ್ಧ ಅಂತ ಮೋಡೆಮ್‌ಗೆ ಹೇಳುವ ಸಿಗ್ನಲ್) ನೋಡಬೇಡ ಅಂತ ಕೊಟ್ಟರೆ ಆಗುತ್ತದೆ ಅಂತ ಒಬ್ಬರು ಹೇಳಿದರು. ಹಾಗೆ ಮಾಡಲಾ?

ಸುರತ್ಕಲ್ ಸಿಸಾಪ್:

ಬೇಡ, ಬೇಡ! ಹಾಗೆ ಮಾಡಿದರೆ ಬಿಬಿಎಸ್‌ಗೆ ಡಿಟಿಆರ್ ಇಳಿಸಿ ಫೋನ್ ಇಡುವ ದಾರಿ ಹೋಗುತ್ತದೆ. ಯಾರಾದರೂ ಸಮಯ ಮೀರಿದರೂ ಲೈನ್ ಬಿಡುವುದಿಲ್ಲ, 21 ಇಡೀ ರಾತ್ರಿ ಎಂಗೇಜ್. '&ಡಿ2' (ಡಿಟಿಆರ್ ಬಿದ್ದರೆ ಫೋನ್ ಇಡು ಅನ್ನುವ ಸೆಟ್ಟಿಂಗ್) ಹಾಗೇ ಇರಲಿ.

ನನ್ನ ಅಂದಾಜು, ಗೇಮ್‌ನ ಸೆಟಪ್‌ನಲ್ಲಿ ಅದರದ್ದೇ ಸ್ವಂತ ಸೀರಿಯಲ್ ಪೋರ್ಟ್ ಕೋಡ್ ಆರಿಸಿದ್ದೀರಿ. ಅದು ಹೊರಡುವಾಗ ಪೋರ್ಟ್ ಮುಚ್ಚುತ್ತದೆ, ಡಿಟಿಆರ್ ಬೀಳುತ್ತದೆ, ಮೋಡೆಮ್ ಫೋನ್ ಇಡುತ್ತದೆ. ಎಕ್ಸ್00 ಹೇಗೂ ಲೋಡ್ ಆಗಿದೆ. ಗೇಮ್‌ಗೂ ಫಾಸಿಲ್ ಅಂತಲೇ ಕೊಡಿ, ಪೋರ್ಟ್ ಕೈಬಿಡದೆ ಬಿಬಿಎಸ್‌ಗೆ ವಾಪಸ್ ಸಿಗುತ್ತದೆ.

ಉಳಿದೆರಡು. 56ಕೆ ಸಿಗಬೇಕಾದರೆ ಒಂದು ತುದಿ ಡಿಜಿಟಲ್ ಲೈನ್ ಆಗಿರಬೇಕು. ನಿಮ್ಮದು ಎರಡೂ ಅನಲಾಗ್, ಹಾಗಾಗಿ 33600 ದಾಟುವುದೇ ಇಲ್ಲ. ಲಾಡ್ಜ್ ಪೆಟ್ಟಿಗೆಯಲ್ಲಿ 31200 ಸಿಕ್ಕಿದ್ದು ದೊಡ್ಡದು. ಇನ್ನು ಎರರ್ 200: ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ಪ್ರೋಗ್ರಾಂ ಶುರುವಿನಲ್ಲಿ ಮೆಷಿನ್ ಎಷ್ಟು ವೇಗ ಅಂತ ಎಣಿಸಿ 55ರಿಂದ ಭಾಗಿಸುತ್ತದೆ. ಪೆಂಟಿಯಂ 3ರಲ್ಲಿ ಎಣಿಕೆ ಎಷ್ಟು ಜಾಸ್ತಿ ಅಂದರೆ ಉತ್ತರ 16 ಬಿಟ್‌ನಲ್ಲಿ ಹಿಡಿಸುವುದಿಲ್ಲ. ಗೇಮ್ ಹಾಳಾಗಿಲ್ಲ, ಇದಕ್ಕೇ ಅಂತ ಪ್ಯಾಚ್‌ಗಳಿವೆ, ಒಂದು ಹಾಕಿ.

ಮುಂದೆ ಮೂರನೇ ಕೋಣೆಗೂ ಲೈನ್ ಎಳೆದು ಇಬ್ಬರು ಒಟ್ಟಿಗೆ ಆಡುವುದಾದರೆ ಡಾಸ್‌ನ 'ಶೇರ್' (ಒಂದೇ ಫೈಲಿಗೆ ಇಬ್ಬರು ಒಟ್ಟಿಗೆ ಬರೆದು ಕೆಡಿಸದಂತೆ ಕಾಯುವ ಪ್ರೋಗ್ರಾಂ) ಲೋಡ್ ಮಾಡಲು ಮರೆಯಬೇಡಿ. ನಾನು ಮರೆತು ಆಟಗಾರರ ಫೈಲನ್ನೇ ಕೆಡಿಸಿಕೊಂಡವನು.

ಹಳೇ ಡಾಸ್:

ಹೊರಗಿನ ಲೈನ್ ಇಲ್ಲದ್ದು ಒಳ್ಳೆಯದೇ ಆಯಿತು. ಒಂದು ಮೇ ತಿಂಗಳ ಗುಡುಗಿಗೆ ನನ್ನ ಮೋಡೆಮ್ ಹೋಯಿತು. ಕರೆಂಟ್ ಪ್ಲಗ್ ತೆಗೆದಿದ್ದೆ, ಫೋನ್ ವೈರ್ ತೆಗೆದಿರಲಿಲ್ಲ.

ಕಲ್ಸಂಕದ ಮೋಡೆಮ್:

ಫಾಸಿಲ್ ಕೊಟ್ಟೆ, ಈಗ ಆಟ ಮುಗಿದರೆ ಚಂದ ಮಾಡಿ ಮೆನು ಬರುತ್ತದೆ. ಎರರ್ 200ಕ್ಕೆ ನಾಳೆ ಕೈ ಹಾಕುತ್ತೇನೆ.

ನಿನ್ನೆ ರಾತ್ರಿ ನಾನೂ ಒಂದು ಸುತ್ತು ಆಡಿದೆ. ಛತ್ರದಲ್ಲಿ ಕೋಣೆ ಹಿಡಿಯಲು ದುಡ್ಡು ಯಾಕೆ ಅಂತ ಹೊಲದಲ್ಲೇ ಮಲಗಿದೆ, ಚಿನ್ನ ಬ್ಯಾಂಕಿಗೂ ಹಾಕಲಿಲ್ಲ. ಬೆಳಿಗ್ಗೆ ನೋಡಿದರೆ ಅಕ್ಕನ ಮಗ ನನ್ನನ್ನು ಕೊಂದು ಎಲ್ಲಾ ಬಾಚಿಕೊಂಡು ಹೋಗಿದ್ದಾನೆ. ತಿಂಡಿಗೆ ಕೆಳಗೆ ಬಂದವನು ಏನೂ ಗೊತ್ತಿಲ್ಲದವನ ಹಾಗೆ ನೀರ್‌ದೋಸೆ ತಿನ್ನುತ್ತಿದ್ದ.