ವಾಣಿಜ್ಯವಾದ, ಬಂಡವಾಳಶಾಹಿ: ‘ಶಾಹಿ’ ಯಾವುದಕ್ಕೆ ಸಲ್ಲಬೇಕು?

ಪ್ರಶ್ನೆ (ಕಲಬುರಗಿ): ಪಿಯು ಮಕ್ಕಳ ಟಿಪ್ಪಣಿಗೆ ಬೇಕಿತ್ತರಿ. ಮರ್ಕೆಂಟಿಲಿಸಂಗೆ ‘ವಾಣಿಜ್ಯವಾದ’ ಅಂತ ಬರೆದರೆ, ‘ವ್ಯಾಪಾರಕ್ಕೆ ಅಡ್ಡಿ ಇರಬಾರದು ಅನ್ನೋ ವಾದ’ ಅಂತ ಓದಿಕೊಳ್ತಾರೆ. ಬಂಡವಾಳಶಾಹಿಗೂ ಇದಕ್ಕೂ ಗೆರೆ ಎಲ್ಲಿ ಎಳೆಯೋದು? ಬೇರೆ ಪದ ಇದ್ದರೆ ತಿಳಿಸ್ರಿ.

ಉತ್ತರ: ಸರ್, ತಪ್ಪು ‘ವಾಣಿಜ್ಯ’ದ್ದಲ್ಲ, ‘ವಾದ’, ‘ಶಾಹಿ’ ಅನ್ನೋ ಬಾಲಗಳು ಅದಲುಬದಲಾಗಿವೆ. ನಿಮ್ಮ ಪಕ್ಕದ ಬೀದರನ್ನು ಆಳಿದ ಬರೀದಶಾಹಿ ಮನೆತನ ಗೊತ್ತಲ್ಲ. ಶಾಹಿ ಅಂದರೆ ದೊರೆತನ. ದೊರೆಯ ಕೈ ಎದ್ದು ಕಾಣೋದು ಮರ್ಕೆಂಟಿಲಿಸಂನಲ್ಲೇ. 16ರಿಂದ 18ನೇ ಶತಮಾನದ ಯುರೋಪಿನಲ್ಲಿ ರಾಜ್ಯದ ಲೆಕ್ಕ ಇದು: ಹೊರಗೆ ಮಾರಿದ್ದು ಹೆಚ್ಚಿರಬೇಕು, ಕೊಂಡಿದ್ದು ಕಡಿಮೆ, ಉಳಿದದ್ದು ಬೆಳ್ಳಿ-ಬಂಗಾರವಾಗಿ ನಾಡಿಗೆ ಬರಬೇಕು. ಅದಕ್ಕೆ ಸುಂಕ, ಏಕಸ್ವಾಮ್ಯದ ಸನ್ನದು, ನಿಷೇಧ. ಏಷ್ಯಾ, ಆಫ್ರಿಕಾ, ಅಮೆರಿಕದ ಸರಕು ತಮ್ಮ ಹಡಗಿನಲ್ಲೇ ಬರಬೇಕೆಂದು ಇಂಗ್ಲೆಂಡ್ 1651ರಲ್ಲಿ ಕಾಯ್ದೆ ಮಾಡಿತು. ಕಚ್ಚಾ ಉಣ್ಣೆ ಹೊರಗೆ ಹೋಗುವಂತಿರಲಿಲ್ಲ, ನೇಯ್ದ ಬಟ್ಟೆ ಹೋಗಬಹುದಿತ್ತು. ತೊಗರಿ ಕಳಿಸಬೇಡ, ಬೇಳೆ ಮಾಡಿ ಕಳಿಸು ಅಂದಂಗೆ.

ಆದರೆ 2006ರಲ್ಲಿ ನಮ್ಮ ಸರ್ಕಾರ ಬೇಳೆಕಾಳಿನ ರಫ್ತು ನಿಲ್ಲಿಸಿದ್ದನ್ನು ಉದಾಹರಣೆಗೆ ಕೊಡಬೇಡಿ. ಅಲ್ಲಿ ಗುರಿ ಒಳಗಿನ ದರ ಇಳಿಸೋದು. ವಾಣಿಜ್ಯವಾದಿಗೆ ರಫ್ತೇ ಜೀವ.

ಬಂಡವಾಳಶಾಹಿಯಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಮಿಲ್ಲು ಯಾರದು, ಕೂಲಿ ಯಾರಿಗೆ, ಲಾಭ ಮತ್ತೆ ಎಲ್ಲಿಗೆ? ಅಡತಿಯಲ್ಲಿ ಚೀಲ ಕೈ ಬದಲಾದರೆ ಅದು ಬರೀ ವ್ಯಾಪಾರ. ದಾಲ್ ಮಿಲ್ಲಿನವರು ಯಂತ್ರ ಹಾಕಿ, ಕೂಲಿಗೆ ಜನ ಇಟ್ಟು, ಬಂದ ಲಾಭದಲ್ಲಿ ಇನ್ನೊಂದು ಯಂತ್ರ ತಂದರೆ ಅಲ್ಲಿ ಬಂಡವಾಳ ದುಡಿಯುತ್ತದೆ. ಪೆಟ್ಟಿಗೆಯಲ್ಲಿ ಕೂತದ್ದು ಗಂಟು, ಮಿಲ್ಲಿಗೆ ಇಳಿದದ್ದು ಬಂಡವಾಳ. ಮಕ್ಕಳಿಗೆ ಹಿಡಿಸುವ ಜೋಡಿ. ಹಾಗಂತ ವಾಣಿಜ್ಯವಾದಿಗಳು ಬರೀ ಗಂಟು ಕೂಡಿಡುವವರಲ್ಲ. ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ ಥಾಮಸ್ ಮನ್, ಭಾರತಕ್ಕೆ ಬೆಳ್ಳಿ ಕಳಿಸಿದರೂ ಸರಕು ಮರುಮಾರಾಟವಾಗಿ ಹೆಚ್ಚು ಬೆಳ್ಳಿ ಮರಳುತ್ತದೆ ಅಂತ ವಾದಿಸಿದ್ದ.

ಎರಡನ್ನೂ ಎದುರಾಳಿ ಮಾಡಿ ಎರಡು ಅಂಕಣದ ಪಟ್ಟಿ ಬರೆಸಿದರೆ ಇಲ್ಲೇ ಎಡವುತ್ತಾರೆ: ಒಂದು ರಾಜ್ಯದ ನೀತಿ, ಇನ್ನೊಂದು ಉತ್ಪಾದನೆಯ ಏರ್ಪಾಟು. 1600ರಲ್ಲಿ ಹುಟ್ಟಿದ ಇದೇ ಈಸ್ಟ್ ಇಂಡಿಯಾ ಕಂಪನಿಯಲ್ಲಿ ಇಂಗ್ಲೆಂಡಿನ ರಾಣಿಯ ಸನ್ನದೂ ಇತ್ತು, ವರ್ತಕರ ಪಾಲುದುಡ್ಡೂ ಇತ್ತು. 1776ರಲ್ಲಿ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ ಹಳಿದದ್ದು ಈ ವ್ಯಾಪಾರಿ ನೀತಿಯನ್ನು. ‘ಕ್ಯಾಪಿಟಲಿಸಂ’ (ಬಂಡವಾಳಶಾಹಿ) ಅನ್ನೋ ಪದವನ್ನು ಆತ ಬಳಸಲೇ ಇಲ್ಲ.

ಹಾಗಂತ ಬಾಲ ಬದಲಿಸಿ ಮರ್ಕೆಂಟಿಲಿಸಂಗೆ ‘ವಣಿಕಶಾಹಿ’ ಅನ್ನೋದು ಬೇಡ, ವ್ಯಾಪಾರಿಗಳ ಆಳ್ವಿಕೆ ಅಂತಾಗುತ್ತದೆ. ‘ವಾಣಿಜ್ಯವಾದ’ ರೂಢಿಯಾಗಿದೆ, ಇಟ್ಟುಕೊಳ್ಳಿ. ಮೊದಲ ಸಲ ಬಂದಲ್ಲಿ ಮಾತ್ರ ‘ರಾಜ್ಯ ಕಾವಲಿನ ವಾಣಿಜ್ಯ’ ಅಂತ ಪಕ್ಕದಲ್ಲಿ ಬರೆಯಿರಿ.